ಕುದುರೆ ಹೋಯ್ತು, ಕಮಾನು ಉಳೀತು

ಹಳೇ ಕಟ್ಟಡಗಳನ್ನ ಕಾಪಾಡೋದು ನನ್ನ ಕೆಲಸ. ಇಂಗ್ಲೆಂಡಿನ ಹಳ್ಳಿ ಇನ್ (ದಾರಿಹೋಕರಿಗೆ ಊಟ, ಕುಡಿಯೋಕೆ, ಉಳ್ಕೊಳ್ಳೋಕೆ ಜಾಗ ಕೊಡ್ತಿದ್ದ ಹಳೇ ಪಬ್) ಯಾವುದನ್ನಾದ್ರೂ ಸರ್ವೆ ಮಾಡೋಕೆ ಹೋದ್ರೆ ನಾನು ಸೀದಾ ಒಳಗೆ ಹೋಗಲ್ಲ, ಅಂಗಳಕ್ಕೆ ಗಾಡಿ ಹೋಗೋ ಕಮಾನಿನ ಹತ್ರ ಕುಕ್ಕರಗಾಲಲ್ಲಿ ಕೂತು ಬುಡದ ಕಲ್ಲು ನೋಡ್ತೀನಿ. ಅಲ್ಲಿ ಅಡ್ಡಕ್ಕೆ ಒಂದು ಸವಕಲು ಗೆರೆ ಇದ್ರೆ, ಚಕ್ರದ ನಡುಭಾಗ ಹೊರಗೆ ಚಾಚ್ಕೊಂಡಿರತ್ತಲ್ಲ, ಅದು ವರ್ಷಗಟ್ಟಲೆ ಉಜ್ಜಿ ಉಜ್ಜಿ ಆಗಿರೋದು. ಬೆರಳಾಡಿಸಿದ್ರೆ ನುಣ್ಣಗಿರತ್ತೆ.

1784ರಲ್ಲಿ ಜಾನ್ ಪಾಮರ್ ಅನ್ನೋರು ಬ್ರಿಸ್ಟಲ್‌ನಿಂದ ಲಂಡನ್‌ಗೆ ಮೇಲ್ ಕೋಚ್, ಅಂದ್ರೆ ಟಪಾಲು ಒಯ್ಯೋ ಕುದುರೆ ಗಾಡಿ, ಓಡಿಸಿ ತೋರಿಸಿದ್ರು. ಹತ್ತು ಹದಿನೈದು ಮೈಲಿಗೊಂದು ಸಲ ಕುದುರೆ ಬದಲಾಯಿಸ್ಲೇಬೇಕು, ಅಂದ್ರೆ ದಾರಿಯುದ್ದಕ್ಕೂ ಇನ್‌ಗಳಲ್ಲಿ ಲಾಯ ಬೇಕು, ಲಾಳ ಕಟ್ಟೋರು ಬೇಕು, ಹುಲ್ಲು ಓಟ್ಸ್ ಮಾರೋ ರೈತ ಬೇಕು, ಹೀಗೆ ಒಂದು ಇನ್ ಅರ್ಧ ಊರಿಗೇ ಅನ್ನ ಹಾಕ್ತಿತ್ತು. 1841ಕ್ಕೆ ಅದೇ ಲಂಡನ್-ಬ್ರಿಸ್ಟಲ್ ನಡುವೆ ರೈಲು ಪೂರ್ತಿ ಆಯ್ತು, ಕೋಚ್‌ಗಳು ಹೋದ್ವು, ಲಾಯಗಳು ಖಾಲಿ ಬಿದ್ವು.

ಆದ್ರೆ ಇನ್ ಸತ್ತೋಯ್ತು ಅನ್ನೋದನ್ನ ನಾನು ಒಪ್ಪಲ್ಲ. ದಾರಿಹೋಕರ ಮನೆಯಾಗಿದ್ದದ್ದು ಊರವರ ಮನೆ ಆಯ್ತು, ಅಷ್ಟೇ. ಜಮೀನ್ದಾರನ ಗೇಣಿ ವಸೂಲಿ ಅಲ್ಲೇ, ಯಾರಾದ್ರೂ ಅಸಹಜವಾಗಿ ಸತ್ರೆ ಸಾವಿನ ಕಾರಣ ಹುಡುಕೋ ಅಧಿಕಾರಿ ಕರೋನರ್‌ನ ವಿಚಾರಣೆನೂ ಅಲ್ಲೇ. ಮಹಡಿ ಮೇಲೆ ಉದ್ದನೆ ರೂಮಿದ್ರೆ ಅದು ಹೆಚ್ಚಾಗಿ ಕ್ಲಬ್ ರೂಮ್. ಕೂಲಿಯವರು ತಿಂಗಳಿಗಿಷ್ಟು ಅಂತ ಹಣ ಹಾಕಿ ನಡೆಸ್ತಿದ್ದ ಫ್ರೆಂಡ್ಲಿ ಸೊಸೈಟಿ ಅಲ್ಲಿ ಸೇರ್ತಿತ್ತು, ಕಾಯಿಲೆ ಬಿದ್ರೆ, ಸತ್ರೆ ಆ ದುಡ್ಡೇ ಗತಿ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂರು ಜನರ ಹತ್ರ, ಒಬ್ಬನೇ ತೆಗೆಯೋಕಾಗ್ಬಾರ್ದು ಅಂತ. ಬ್ಯಾಂಕಿನ ಮುಖ ನೋಡದ ಜನ ಮಾಡ್ಕೊಂಡ ವ್ಯವಸ್ಥೆ ಇದು, ನನಗೆ ಅವರ ಮೇಲೆ ತುಂಬಾ ಗೌರವ. ಕೆಟ್ಟ ಮುಖನೂ ಇತ್ತು, ಕೂಲಿನ ಪಬ್‌ನಲ್ಲೇ ಹಂಚಿದ್ರೆ ಅರ್ಧ ಅಲ್ಲೇ ಕರಗ್ತಿತ್ತು, ಅದಕ್ಕೇ 1883ರಲ್ಲಿ ಕಾನೂನು ಮಾಡಿ ಅದನ್ನ ನಿಲ್ಲಿಸಿದ್ರು.

ಆಮೇಲೆ ಟ್ರ್ಯಾಕ್ಟರ್ ಬಂತು, ಹೊಲದಲ್ಲಿ ಆಳುಗಳು ಕಮ್ಮಿಯಾದ್ರು, ಸಂಜೆ ಬರೋರೂ ಕಮ್ಮಿಯಾದ್ರು. ಕಾರಲ್ಲಿ ಬರೋ ಪಟ್ಟಣದವರು ಗಿರಾಕಿ ಆದ್ರು, ಲಾಯ ಊಟದ ಹಾಲ್ ಆಯ್ತು, ಅಂಗಳ ಪಾರ್ಕಿಂಗ್ ಆಯ್ತು. 1967ರಲ್ಲಿ ಕುಡಿದು ಓಡ್ಸೋರಿಗೆ ಉಸಿರಿನ ಟೆಸ್ಟ್ ಬಂದ್ಮೇಲೆ (ಬರ್ಲೇಬೇಕಿತ್ತು ಬಿಡಿ) ಊಟ ಇಲ್ದಿದ್ರೆ ಇನ್ ನಡೆಯೋದೇ ಕಷ್ಟ ಆಯ್ತು. ಎಷ್ಟೋ ಕಡೆ ಮುಚ್ಚಿ ಮನೆ ಮಾಡ್ಕೊಂಡ್ರು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನೋ ಹಳ್ಳಿಯವರು ಮಾತ್ರ 2003ರಲ್ಲಿ ತಾವೇ ಸಹಕಾರಿ ಸಂಘ ಮಾಡ್ಕೊಂಡು ತಮ್ಮೂರ ಓಲ್ಡ್ ಕ್ರೌನ್ ಪಬ್ ಕೊಂಡ್ಕೊಂಡ್ರು. 2011ರ ಲೋಕಲಿಸಂ ಕಾಯ್ದೆ ಬಂದ್ಮೇಲೆ, ಊರಿಗೆ ಬೇಕಾದ ಆಸ್ತಿ ಅಂತ ಕೌನ್ಸಿಲ್ ಪಟ್ಟಿಗೆ ಸೇರಿದ ಪಬ್ ಮಾರಾಟಕ್ಕೆ ಬಂದ್ರೆ ದುಡ್ಡು ಹೊಂದಿಸೋಕೆ ಊರವರಿಗೆ ಆರು ತಿಂಗಳು ಟೈಮ್ ಸಿಗೋ ಹಾಗಾಯ್ತು.

ಹೊಸ ಮಾಲೀಕರು ಮೊದ್ಲು ಕೇಳೋದೇ ಆ ಸವೆದ ಕಲ್ಲು ತೆಗೆದು ಹೊಸದು ಕೂರಿಸ್ತೀರಾ ಅಂತ. ಬೇಡ ಅಂತೀನಿ, ಸಿಮೆಂಟೂ ಮೆತ್ತಬೇಡಿ, ಸಂದಿಗೆ ಸುಣ್ಣದ ಗಾರೆ ತುಂಬಿ ನೀರು ನಿಲ್ಲದಂಗೆ ಮಾಡಿದ್ರೆ ಸಾಕು, ಗೆರೆ ಹಾಗೇ ಇರ್ಲಿ.