ಮೊದಲು ನೀರಿನ ಟ್ಯೂಬ್ ನೋಡಿ

ರಾಯಚೂರಿನಲ್ಲಿ ಪಿಸಿಆರ್, ಅಂದರೆ ರೋಗಾಣುವಿನ ಡಿಎನ್‌ಎಯನ್ನು ಪ್ರತಿ ಮಾಡಿ ಹೆಚ್ಚಿಸಿ ಪತ್ತೆಹಚ್ಚುವ ಪರೀಕ್ಷೆ, ಕಲಿಯಲು ಬರುವ ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ) ವಿದ್ಯಾರ್ಥಿಗಳ ಕಣ್ಣು ಮೊದಲು ಬೀಳುವುದು ಯಂತ್ರದ ಮೇಲೆ. ನಾನು ಅವರ ಕೈಗೆ ಕೊಡುವುದು ಪಿಪೆಟ್. 20 ಮೈಕ್ರೋಲೀಟರ್ ನೀರು ತೆಗೆದು ಸೂಕ್ಷ್ಮ ತಕ್ಕಡಿಗೆ ಹಾಕಿದರೆ 20 ಮಿಲಿಗ್ರಾಂ ತೂಗಬೇಕು, ಮತ್ತೆ ಮತ್ತೆ ಹಾಗೆಯೇ ತೂಗಬೇಕು. ಕೈ ಅಷ್ಟು ಪಳಗಿದ ಮೇಲೆ ಯಂತ್ರದ ಮಾತು.

ಯಂತ್ರದೊಳಗೆ ನಡೆಯುವುದು ಸರಳ. ಸುಮಾರು 95 ಡಿಗ್ರಿಯಲ್ಲಿ ಡಿಎನ್‌ಎಯ ಎರಡು ಎಳೆಗಳು ಬಿಡಿಯಾಗುತ್ತವೆ, 60ರ ಆಸುಪಾಸಿನಲ್ಲಿ ಪ್ರೈಮರ್ (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಡಿಎನ್‌ಎಯ ಚಿಕ್ಕ ತುಣುಕು) ಅಂಟುತ್ತದೆ, ಕಿಣ್ವ ಹೊಸ ಎಳೆ ಕಟ್ಟುತ್ತದೆ. ಸುತ್ತಿಗೊಮ್ಮೆ ದುಪ್ಪಟ್ಟು. ಎಲ್ಲವೂ ಸರಿಯಾಗಿ ನಡೆದರೆ ಒಂದೇ ಪ್ರತಿ 30 ಸುತ್ತುಗಳಲ್ಲಿ ನೂರು ಕೋಟಿ ದಾಟುತ್ತದೆ. ಈ ತಂತ್ರದ ಬಲವೂ ಅಪಾಯವೂ ಈ ಲೆಕ್ಕದಲ್ಲೇ ಇವೆ. ರನ್ (ಯಂತ್ರದ ಒಂದು ಬಾರಿಯ ಓಟ) ಮುಗಿದ ಟ್ಯೂಬಿನ ಮುಚ್ಚಳ ತೆರೆದರೆ ಕಣ್ಣಿಗೆ ಕಾಣದ ತುಂತುರಿನಲ್ಲಿ ಅಸಂಖ್ಯ ಪ್ರತಿಗಳು ಹಾರಿ ಮೇಜು, ಕೈಗವಸು, ಪಿಪೆಟ್ ಸೇರುತ್ತವೆ. ಮರುದಿನ ರೋಗವೇ ಇಲ್ಲದವರ ಮಾದರಿ ಪಾಸಿಟಿವ್ ಎನ್ನುತ್ತದೆ. ಆದ್ದರಿಂದಲೇ ರಿಯಾಜೆಂಟ್ (ಪರೀಕ್ಷೆಯ ರಾಸಾಯನಿಕ) ಬೆರೆಸಲು, ಡಿಎನ್‌ಎ ಬೇರ್ಪಡಿಸಲು, ಯಂತ್ರಕ್ಕೆ ಬೇರೆ ಬೇರೆ ಕೋಣೆಗಳು. ಕೋಟು, ಪಿಪೆಟ್, ಪೆನ್ನು ಸಹ ಆಯಾ ಕೋಣೆಯವೇ. ಯಂತ್ರದ ಕೋಣೆಗೆ ಹೋದವರು ಆ ದಿನ ರಿಯಾಜೆಂಟ್ ಕೋಣೆಗೆ ಕಾಲಿಡಬಾರದು. ಇದರಲ್ಲಿ ನಾನು ಯಾರ ಮುಲಾಜನ್ನೂ ನೋಡುವುದಿಲ್ಲ.

ಪ್ರತಿಗಳು ಹೆಚ್ಚಿದಂತೆ ಪರದೆಯ ಮೇಲೆ ಗೆರೆಗಳು ಏಳತೊಡಗಿದಾಗ ಎಲ್ಲರೂ ರೋಗಿಯ ಮಾದರಿ ಹುಡುಕುತ್ತಾರೆ. ಮೊದಲು ನೋಡಬೇಕಾದದ್ದು ಮಾದರಿಯ ಬದಲು ನೀರು ಹಾಕಿದ ನೆಗೆಟಿವ್ ಕಂಟ್ರೋಲ್. ಅದರ ಗೆರೆ 36ನೇ ಸುತ್ತಿನಲ್ಲಿ ತಲೆಯೆತ್ತಿದರೂ ಆ ರನ್ನಿನ ಒಂದು ವರದಿಯೂ ಹೊರಹೋಗಬಾರದು. ಇನ್ನೊಂದು, ಒಳಗಿನ ಕಂಟ್ರೋಲ್, ಅಂದರೆ ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತಿಳಿಯಲು ಅದೇ ಟ್ಯೂಬಿನಲ್ಲಿ ನೋಡುವ ಬೇರೊಂದು ಗೆರೆ. ರೋಗದ ಗೆರೆಯೂ ಇಲ್ಲ, ಇದೂ ಏಳಲಿಲ್ಲ ಎಂದರೆ ಅದು ನೆಗೆಟಿವ್ ಅಲ್ಲ, ಪರೀಕ್ಷೆಯೇ ನಡೆದಿಲ್ಲ. ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಹೆಪಾರಿನ್ ಪಿಸಿಆರ್ ಅನ್ನು ತಡೆಯುತ್ತದೆ. ಹಾಗಾಗಿ ರಕ್ತಕ್ಕೆ ಅದು ಬೇಡ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬಳಸಿ.

ನಮ್ಮ ಬಿಸಿಲಿನ ಮಾತು ಬೇರೆಯೇ. ಕ್ಷಯಕ್ಕೆ ಬಳಸುವ, ಪಿಸಿಆರ್ ತಂತ್ರದ ಸಿಬಿನ್ಯಾಟ್ ಯಂತ್ರಕ್ಕೆ 15ರಿಂದ 30 ಡಿಗ್ರಿಯ ಕೋಣೆ ಬೇಕು. ರಾಯಚೂರಿನ ಬೇಸಿಗೆ 40 ದಾಟುತ್ತದೆ. ಎ.ಸಿ. ಇಲ್ಲಿ ಸೌಕರ್ಯವಲ್ಲ, ಪರೀಕ್ಷೆಯ ಭಾಗ. ಡೆಂಗಿ ವೈರಾಣುವಿನಲ್ಲಿ ಡಿಎನ್‌ಎ ಬದಲು ಇರುವ ಆರ್‌ಎನ್‌ಎ ಇನ್ನೂ ನಾಜೂಕು. ದೇವದುರ್ಗದಿಂದಲೋ ಲಿಂಗಸುಗೂರಿನಿಂದಲೋ ಐಸ್ ಪ್ಯಾಕ್ ಇಲ್ಲದೆ ಬಸ್ಸಿನಲ್ಲಿ ಬಂದ ಮಾದರಿ ನೆಗೆಟಿವ್ ಎಂದರೆ ನಾನು ನಂಬುವುದಿಲ್ಲ. ಜ್ವರ ಎಷ್ಟನೇ ದಿನದ್ದು ಎಂದು ಚೀಟಿಯಲ್ಲಿ ಬರೆದಿರಲೇಬೇಕು. ಆರ್‌ಎನ್‌ಎ ಸಿಗುವುದು ಹೆಚ್ಚಾಗಿ ಮೊದಲ ಐದು ದಿನ, ಆಮೇಲೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಯೇ ಮೇಲು.

ಚೀಟಿಯಲ್ಲಿ ಬಿಟ್ಟುಹೋಗುವ ಇನ್ನೊಂದು ಪ್ರಶ್ನೆ, ಹಿಂದೆ ಕ್ಷಯದ ಚಿಕಿತ್ಸೆ ಆಗಿತ್ತೇ ಎಂಬುದು. ಸಿಬಿನ್ಯಾಟ್ ಎರಡು ಗಂಟೆಯೊಳಗೆ ರೋಗಾಣುವನ್ನೂ, ಆರ್‌ಪಿಒಬಿ ಜೀನಿನ ಬದಲಾವಣೆ ನೋಡಿ ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್ ನಾಟದಿರುವುದನ್ನೂ ಹೇಳುತ್ತದೆ. ರೋಗಾಣು ಬದುಕಿದೆಯೇ ಎಂಬುದನ್ನು ಹೇಳಲಾರದು. ಮಾತ್ರೆ ಪೂರ್ತಿ ನುಂಗಿ ಮುಗಿಸಿದವರ ಕಫದಲ್ಲೂ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಉಳಿದಿರಬಹುದು. ಅಂಥವರ ಕಫ ಬಂದರೆ ವರದಿ ಕಳಿಸುವ ಮುನ್ನ ವೈದ್ಯರಿಗೆ ಫೋನ್ ಮಾಡಿ, ಸ್ಮಿಯರ್ (ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮತ್ತು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವುದು) ಇನ್ನೊಂದು ಮಾದರಿ ಕೇಳಿ.