ಹಳೇ ಮೋಟರ್ ಬೋಟ್ ರಿಪೇರಿ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ: ಮಂಗಳೂರಿನಲ್ಲಿ 16 ಅಡಿಯ ಹಳೇ ಫೈಬರ್ ಬೋಟ್ ಒಂದು ಔಟ್‌ಬೋರ್ಡ್ ಇಂಜಿನ್ ಸಮೇತ ಅಗ್ಗಕ್ಕೆ ಸಿಗುತ್ತಿದೆ. ಬೆಂಗಳೂರಿಗೆ ತಂದು ರಿಪೇರಿ ಮಾಡಿಸೋಣ ಅಂತಿದ್ದೇನೆ. ಪೇಂಟ್, ಹೊಸ ಸೀಟು, ಎಲ್‌ಇಡಿ ಲೈಟು, ಜಿಪಿಎಸ್ ಹಾಕಿಸಿದರೆ ಸಾಕಲ್ವಾ?

ಉತ್ತರ: ಸಾಲದು. ನೀವು ಹೇಳಿದ ನಾಲ್ಕೂ ಕೊನೆಗೆ ಮಾಡುವ ಕೆಲಸಗಳು. ಹಳೇ ಬೋಟಿನಲ್ಲಿ ದುಡ್ಡು ನುಂಗುವುದು ಕಣ್ಣಿಗೆ ಕಾಣದ ಮರ.

ಫೈಬರ್ ಬೋಟ್ ಅಂದ ಮಾತ್ರಕ್ಕೆ ಎಲ್ಲವೂ ಫೈಬರ್ ಅಲ್ಲ. ಔಟ್‌ಬೋರ್ಡ್ ಅಂದರೆ ಬೋಟಿನ ಹಿಂದೆ, ಹೊರಗಡೆ ನೇತುಹಾಕುವ ಇಂಜಿನ್. ಅದನ್ನು ಕೂರಿಸುವ ಹಿಂದಿನ ಗೋಡೆಗೆ ಟ್ರಾನ್ಸಮ್ ಅಂತಾರೆ. ಬಹಳಷ್ಟು ಹಳೇ ಬೋಟುಗಳಲ್ಲಿ ಅದರೊಳಗೆ ಪ್ಲೈವುಡ್ ಇರುತ್ತದೆ, ಎರಡೂ ಕಡೆ ಫೈಬರ್ ಪದರ. ನೆಲದ ಹಲಗೆ, ಅದರ ಕೆಳಗಿನ ಉದ್ದ ಪಟ್ಟಿಗಳೂ ಸಾಮಾನ್ಯವಾಗಿ ಹಾಗೇ. ಬೋಲ್ಟ್ ತೂತಿನ ಸೀಲೆಂಟ್ ಹೋದರೆ ನೀರು ಮೆಲ್ಲಗೆ ಒಳಗಿಳಿದು ಮರ ಕೊಳೆಯುತ್ತದೆ. ಹೊರಗೆ ಮಾತ್ರ ಫಳಫಳ. ಇಂಥ ಟ್ರಾನ್ಸಮ್ ಇಟ್ಟುಕೊಂಡು ಜೋರಾಗಿ ಓಡಿಸಿದರೆ ಇಂಜಿನ್ನೇ ಕಿತ್ತುಕೊಂಡು ನೀರಿಗೆ ಬೀಳಬಹುದು.

ಹಾಗಾಗಿ ನೋಡಲು ಹೋದಾಗ ಸ್ಕ್ರೂಡ್ರೈವರ್ ಹಿಡಿಯಿಂದ ಟ್ರಾನ್ಸಮ್ಮನ್ನು ಇಂಚಿಂಚಾಗಿ ತಟ್ಟಿ. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವುದಿಲ್ಲವೇ, ಹಾಗೆ. ಸದ್ದು ಗಟ್ಟಿಯಾಗಿ ಬಂದರೆ ಸರಿ. ದಬ್ ಅಂದರೆ ಒಳಗೆ ಪೊಳ್ಳು. ಇಂಜಿನ್ನಿನ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಟ್ರಾನ್ಸಮ್ ಬಾಗುತ್ತದಾ ನೋಡಿ. ಆಮೇಲೂ ಅನುಮಾನವಿದ್ದರೆ ಮಾರುವವರನ್ನು ಕೇಳಿ ಒಳಗಡೆಯಿಂದ ಸಣ್ಣ ತೂತು ಕೊರೆಸಿ. ಒಣಗಿದ ತಿಳಿ ಬಣ್ಣದ ಪುಡಿ ಬಂದರೆ ಒಳ್ಳೆಯದು. ಕಪ್ಪಗೆ, ಒದ್ದೆಯಾಗಿ ಬಂದರೆ ಮರ ಬದಲಾಯಿಸಲೇಬೇಕು. ತೂತು ಕೊರೆಯಲು ಬಿಡದಿದ್ದರೆ ನಾನಾದರೆ ಆ ಬೋಟ್ ಮುಟ್ಟುವುದಿಲ್ಲ. ಒಪ್ಪಿದರೆ, ವಾಪಸ್ ಬರುವ ಮುಂಚೆ ತೂತನ್ನು ಎಪಾಕ್ಸಿಯಿಂದ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು) ಮುಚ್ಚಿಬಿಡಿ.

ಮರ ಬದಲಾಯಿಸುವಾಗ ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈವುಡ್ಡನ್ನೇ ಕೇಳಿ. ಮನೆಯ ಕಪಾಟಿಗೆ ಬಳಸುವ ಐಎಸ್ 303 ಬೇಡ. ಅಂಟಿಸಲು ಎಪಾಕ್ಸಿ ಒಳ್ಳೆಯದು. ಇಂಥ ಬೋಟುಗಳ ಫೈಬರ್ ಪದರದಲ್ಲಿ ಸಾಮಾನ್ಯವಾಗಿ ಇರುವುದು ಪಾಲಿಯೆಸ್ಟರ್ ರೆಸಿನ್. ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಅಷ್ಟು ಹಿಡಿಯುವುದಿಲ್ಲ. ದುಡ್ಡು ಉಳಿಸಲು ಪಾಲಿಯೆಸ್ಟರ್ ರೆಸಿನ್ನೇ ತಂದರೆ ಒಂದು ಎಚ್ಚರ: ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಬೆರೆಸಲೇಬಾರದು, ಸ್ಫೋಟ ಆಗಬಹುದು. ಮೊದಲು ಕೋಬಾಲ್ಟ್ ರೆಸಿನ್‌ನಲ್ಲಿ ಪೂರ್ತಿ ಬೆರೆಯಬೇಕು, ಆಮೇಲೆ ಹಾರ್ಡನರ್.

ಜಾಗದ ವಿಷಯವೂ ಯೋಚಿಸಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಇದು ಆಗದ ಕೆಲಸ. ರೆಸಿನ್ ವಾಸನೆಗೇ ಅಸೋಸಿಯೇಷನ್‌ನವರು ಮನೆ ಬಾಗಿಲಿಗೆ ಬರುತ್ತಾರೆ. ಊರಾಚೆ ಗಾಳಿಯಾಡುವ ಶೆಡ್ ಬೇಕು. ಮಳೆಗಾಲದಲ್ಲಿ ಮರ ಒಣಗುವುದು ನಿಧಾನ, ಬೇಸಿಗೆಗೇ ಇಟ್ಟುಕೊಳ್ಳಿ.

ಇಂಜಿನ್ ಸ್ಟಾರ್ಟ್ ಆಯಿತು ಅಂತ ಖುಷಿಪಡಬೇಡಿ. ಕರಾವಳಿಯ ನಾಡದೋಣಿಗಳಲ್ಲಿ ಔಟ್‌ಬೋರ್ಡ್‌ಗೆ ಸೀಮೆಎಣ್ಣೆ ಹಾಕಿ ಓಡಿಸುವುದುಂಟು, ನೀವು ನೋಡಿದ್ದು ಅಂಥದ್ದೇ ಆಗಿದ್ದರೆ ಒಳಗೆ ಕಾರ್ಬನ್ ಜಾಸ್ತಿ ಕೂತಿರಬಹುದು. ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕೊಡುತ್ತದೆ ಅನ್ನುವ ಪರೀಕ್ಷೆ ಮಾಡಿಸಿ. ಸಿಲಿಂಡರ್‌ಗಳ ನಡುವೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬೆಲೆ ಇಳಿಸಲು ಒಳ್ಳೆ ಕಾರಣ. ಇಂಜಿನ್ ತಣ್ಣಗಿಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಕೇಳದೆಯೇ ಬದಲಾಯಿಸಿ. ನೀರಿಲ್ಲದೆ ಸುಮ್ನೆ ಸ್ಟಾರ್ಟ್ ಮಾಡಿ ತೋರಿಸಿದ್ದರಂತೂ ಅದು ಸುಟ್ಟಿರಬಹುದು. ಹಳೇ ಪೆಟ್ರೋಲ್ ಪೈಪುಗಳನ್ನೂ ತೆಗೆದುಬಿಡಿ, ಈಗಿನ ಇ20 ಪೆಟ್ರೋಲಿಗೆ (ಶೇ. 20 ಎಥನಾಲ್ ಬೆರೆಸಿದ್ದು) ಹಳೇ ರಬ್ಬರ್ ತಡೆಯುವುದಿಲ್ಲ. ಈ ಕೆಲಸಗಳನ್ನು ಮಂಗಳೂರಿನಲ್ಲೇ ಮುಗಿಸಿಕೊಳ್ಳಿ. ಔಟ್‌ಬೋರ್ಡ್ ಬಲ್ಲ ಮೆಕ್ಯಾನಿಕ್ ಬಂದರಿನ ಸುತ್ತ ಸಿಗುವಷ್ಟು ಸುಲಭವಾಗಿ ಬೆಂಗಳೂರಿನಲ್ಲಿ ಸಿಗುವುದಿಲ್ಲ.

ಹೊಸ ಫೋರ್ ಸ್ಟ್ರೋಕ್ ಇಂಜಿನ್ ಹಾಕುವ ಆಸೆ ಇದ್ದರೆ ತೂಕ ನೋಡಿ. ಅಷ್ಟೇ ಎಚ್‌ಪಿಯ ಹಳೇ ಟೂ ಸ್ಟ್ರೋಕ್‌ಗಿಂತ ಅದು ಸಾಮಾನ್ಯವಾಗಿ ಭಾರ, ಬೋಟಿನ ಹಿಂಭಾಗ ನೀರಿನಲ್ಲಿ ಜಾಸ್ತಿ ಇಳಿಯುತ್ತದೆ.

ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿ. ಉಪ್ಪುಗಾಳಿ ತಿಂದ ತಾಮ್ರ ಒಳಗೇ ಹಸಿರಾಗಿರುತ್ತದೆ. ತವರ ಲೇಪಿಸಿದ ವೈರ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿ. ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ತಳದ ನೀರು ಎತ್ತುವ ಪಂಪಿಗೆ ಫ್ಲೋಟ್ ಸ್ವಿಚ್ (ನೀರು ಏರಿದರೆ ತಾನೇ ಆನ್ ಆಗುವ ಸ್ವಿಚ್) ಹಾಕಿ ಅದನ್ನು ಬೇರೆ ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ ಕೊಡಿ, ಮೇನ್ ಸ್ವಿಚ್ ಆಫ್ ಇದ್ದರೂ ಅದು ಓಡಬೇಕು. ಇಷ್ಟಾದ ಮೇಲೆ ಜಿಪಿಎಸ್, ಎಲ್‌ಇಡಿ. ದಾರಿ ತೋರುವ ಲೈಟಿನಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಸೀಟಿಗೆ ಜೆಸಿ ರೋಡ್ ಇದ್ದೇ ಇದೆ, ಸ್ಕ್ರೂ ಮಾತ್ರ ಸ್ಟೇನ್‌ಲೆಸ್ ಆಗಿರಲಿ.

ಸಮುದ್ರದ ಬೋಟನ್ನು ಅಣೆಕಟ್ಟೆಯ ಹಿನ್ನೀರಿನಲ್ಲಿ ಓಡಿಸುವುದಾದರೆ ಲೋಹ ಸವೆಯದಂತೆ ಇಂಜಿನ್ನಿಗೆ ಕಟ್ಟಿರುವ ಸತುವಿನ ತುಂಡು ತೆಗೆದು ಮೆಗ್ನೀಷಿಯಂನದ್ದು ಹಾಕಿ. ಸಿಹಿನೀರಿನಲ್ಲಿ ಸತು ಸರಿಯಾಗಿ ಕೆಲಸ ಮಾಡುವುದಿಲ್ಲ.

ಇನ್ನು ಕಾಗದಪತ್ರ. 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ಇಂಜಿನ್ ಇರುವ ಬೋಟಿಗೆ ನೋಂದಣಿ ಮತ್ತು ಸರ್ವೆ (ಬೋಟಿನ ತಪಾಸಣೆ) ಸರ್ಟಿಫಿಕೇಟ್ ಬೇಕು. ಬೆಂಗಳೂರಿನ ಕೆರೆಗಳಲ್ಲಿ ಸ್ವಂತ ಮೋಟರ್ ಬೋಟ್ ಇಳಿಸುವ ಕನಸು ಬಿಡಿ. ಯಾವ ನೀರಿನಲ್ಲಿ ಓಡಿಸುತ್ತೀರೋ ಅಲ್ಲಿಯ ಅನುಮತಿ ಮತ್ತು ಹಳೇ ಮಾಲೀಕರ ದಾಖಲೆ, ಎರಡನ್ನೂ ಅಡ್ವಾನ್ಸ್ ಕೊಡುವ ಮುಂಚೆಯೇ ವಿಚಾರಿಸಿಕೊಳ್ಳಿ.