ಎರಡು ಗವರ್ನರ್, ಒಂದೇ ಗಣಿತ

ಕೇಂದ್ರ ಬ್ಯಾಂಕಿನ ಮುಖ್ಯಸ್ಥರನ್ನು ಗವರ್ನರ್ ಅಂತ ಕರೆಯುತ್ತೇವೆ. ಹಳೆಯ ಉಗಿಯಂತ್ರದ ಮೇಲೆ ಗಿರಗಿರ ತಿರುಗುವ ಎರಡು ಲೋಹದ ಗುಂಡುಗಳಿರುತ್ತವಲ್ಲ, ಆ ಸಾಧನಕ್ಕೂ ಗವರ್ನರ್ ಅಂತಲೇ ಹೆಸರು. ಎರಡೂ ಒಂದೇ ಬೇರಿನ ಪದ. ಹಡಗಿನ ಚುಕ್ಕಾಣಿ ಹಿಡಿಯುವವನಿಗೆ ಗ್ರೀಕರು ಕುಬೆರ್ನೆಟೆಸ್ ಅನ್ನುತ್ತಿದ್ದರು. ಲ್ಯಾಟಿನ್ನಿನಲ್ಲಿ ಅದು ಗುಬೆರ್ನಾತೊರ್ ಆಯಿತು. ಅಲ್ಲಿಂದ ಗವರ್ನರ್.

ಹೆಸರು ಮಾತ್ರ ಅಲ್ಲ, ಇಬ್ಬರನ್ನೂ ಕಾಡುವ ಕಾಯಿಲೆಯೂ ಒಂದೇ.

ಜೇಮ್ಸ್ ವಾಟ್ 1788ರಲ್ಲಿ ಈ ಗುಂಡುಗಳನ್ನು ತನ್ನ ಉಗಿಯಂತ್ರಕ್ಕೆ ಜೋಡಿಸಿದ. ಯಂತ್ರ ಜೋರಾದರೆ ಗುಂಡುಗಳು ಹೊರಗೆ ಚಾಚಿ ಮೇಲೇಳುತ್ತವೆ, ಉಗಿಯ ದಾರಿ ಕಿರಿದಾಗುತ್ತದೆ. ನಿಧಾನವಾದರೆ ಗುಂಡುಗಳು ಇಳಿದು ದಾರಿ ಅಗಲವಾಗುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಕೆಲವು ಯಂತ್ರಗಳು ಗವರ್ನರ್ ಇದ್ದರೂ ಒಮ್ಮೆ ಜೋರು, ಒಮ್ಮೆ ನಿಧಾನ ಅಂತ ತೂಗಾಡುತ್ತಿದ್ದವು. ಇದು ಯಾಕೆ ಅಂತ 1868ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಮ್ಯಾಕ್ಸ್‌ವೆಲ್. ಹೌದು, ವಿದ್ಯುತ್ಕಾಂತತೆಯ ಸಮೀಕರಣಗಳ ಅದೇ ಮ್ಯಾಕ್ಸ್‌ವೆಲ್. ತಿದ್ದುವ ಸಾಧನವೇ ತೂಗಾಟಕ್ಕೆ ಕಾರಣವಾಗಬಹುದು ಅನ್ನುವುದು ಅಲ್ಲಿಂದ ಗಣಿತದ ವಿಷಯವಾಯಿತು.

ಈಗ ಟಿವಿ ಚರ್ಚೆಗೆ ಬನ್ನಿ. ಬೆಲೆ ಏರಿಕೆ ತಗ್ಗಿಸಲು ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿರುತ್ತದೆ. "ಬಡ್ಡಿ ಏರಿಸಿ ಆರು ತಿಂಗಳಾಯ್ತು, ಬೆಲೆ ಎಲ್ಲಿ ಇಳಿದಿದೆ ತೋರಿಸಿ" ಅಂತ ಒಬ್ಬರು ಮೇಜು ಕುಟ್ಟುತ್ತಾರೆ. "ಇನ್ನೂ ಜೋರಾಗಿ ಏರಿಸಬೇಕಿತ್ತು" ಅಂತ ಇನ್ನೊಬ್ಬರು. ನನಗೆ ಎರಡೂ ಮಾತು ಕೇಳಿ ಕೇಳಿ ಸಾಕಾಗಿದೆ. ಬಡ್ಡಿ ದರ ಅಂದರೆ ಒತ್ತಿದ ಕೂಡಲೇ ದೀಪ ಹತ್ತುವ ಸ್ವಿಚ್ ಅಂದುಕೊಂಡಿದ್ದಾರೆ. ಬಡ್ಡಿಯ ಪೂರ್ತಿ ಪರಿಣಾಮ ಬೆಲೆಗಳಿಗೆ ತಟ್ಟಲು ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಈ ತಡ ಉದ್ದವೂ ಹೌದು, ಪ್ರತಿ ಸಲ ಬೇರೆ ಬೇರೆಯೂ ಹೌದು ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಹಿಂದೆಯೇ ಹೇಳಿದ್ದರು.

ತಡ ಆದರೆ ಆಯ್ತು, ಸ್ವಲ್ಪ ಕಾದರಾಯ್ತು ಅನ್ನಬೇಡಿ. ತಡ ಇದ್ದರೆ ಫಲ ನಿಧಾನವಾಗಿ ಸಿಗುತ್ತದೆ ಅಷ್ಟೇ ಅಲ್ಲ, ಒಳ್ಳೆಯ ತಿದ್ದುಪಡಿಯೇ ಕೆಟ್ಟದ್ದಾಗಿಬಿಡುತ್ತದೆ. ನನಗೆ ಈ ಇಡೀ ನಿಯಂತ್ರಣ ಶಾಸ್ತ್ರದಲ್ಲಿ ತುಂಬಾ ಇಷ್ಟವಾದ ಜಾಗ ಇದೇ. ಹಾಗಾಗಿ ಸ್ವಲ್ಪ ಹೆಚ್ಚೇ ಎಳೆಯುತ್ತೇನೆ.

ಗುರುತಿಲ್ಲದ ಸ್ನಾನದ ಮನೆಯಲ್ಲಿ ಷವರ್ ಕೆಳಗೆ ನಿಂತಿದ್ದೀರಿ. ನೀರು ತಣ್ಣಗಿದೆ. ಬಿಸಿನೀರಿನ ನಲ್ಲಿ ತಿರುಗಿಸಿದಿರಿ. ಪೈಪು ಉದ್ದ, ಏನೂ ಆಗಲಿಲ್ಲ. ಇನ್ನಷ್ಟು ತಿರುಗಿಸಿದಿರಿ. ಆಗಲೂ ಇಲ್ಲ, ಮತ್ತಷ್ಟು. ಆಮೇಲೆ ಮೂರು ಸಲ ತಿರುಗಿಸಿದ ಬಿಸಿ ಒಟ್ಟಿಗೆ ಬಂದು ಬೆನ್ನು ಸುಡುತ್ತದೆ. ಗಾಬರಿಯಾಗಿ ಪೂರ್ತಿ ಕಟ್ಟುತ್ತೀರಿ. ಕಟ್ಟಿದ್ದರ ಫಲ ಬರುವಷ್ಟರಲ್ಲಿ ಹಲ್ಲು ಕಟಕಟ. ನೀವು ದಡ್ಡರಲ್ಲ, ಪ್ರತಿ ಕ್ಷಣವೂ ಕೈಗೆ ತಗುಲಿದ ನೀರಿಗೆ ಸರಿಯಾಗಿಯೇ ಉತ್ತರ ಕೊಟ್ಟಿದ್ದೀರಿ. ಕೈಗೆ ತಗುಲಿದ ನೀರು ಹಳೆಯದು, ಅಷ್ಟೇ ತೊಂದರೆ.

ಬಾಯಿಮಾತು ಸಾಕು, ಲೆಕ್ಕ ಹಾಕೋಣ. ಗುರಿಯಿಂದ ಎಷ್ಟು ದೂರ ಇದ್ದೇವೆ ಅನ್ನುವುದನ್ನು ತಪ್ಪು ಅಂತ ಕರೆಯೋಣ. ಮೊದಲು ತಪ್ಪು 10. ಪ್ರತಿ ಹೆಜ್ಜೆಯಲ್ಲೂ ಕಂಡ ತಪ್ಪನ್ನು ಪೂರ್ತಿ ಕಳೆಯುವುದು ನಿಮ್ಮ ನೀತಿ. ತಡ ಇಲ್ಲದಿದ್ದರೆ ಒಂದೇ ಹೆಜ್ಜೆಗೆ ತಪ್ಪು ಸೊನ್ನೆ. ಈಗ ನಿಮಗೆ ಕಾಣುವುದು ಎರಡು ಹೆಜ್ಜೆ ಹಿಂದಿನ ತಪ್ಪು ಅಂತಿಟ್ಟುಕೊಳ್ಳಿ. ಮೊದಲ ಮೂರು ಹೆಜ್ಜೆ 10, 10, 10. ಆಮೇಲೆ 0. ಆಹಾ, ಗುರಿ ಮುಟ್ಟಿತು! ಆದರೆ ಕೈಯಲ್ಲಿರುವ ವರದಿ ಹಳೆಯದು, ಅದರಲ್ಲಿ ಇನ್ನೂ 10 ಅಂತಲೇ ಇದೆ. ಮತ್ತೆ ಕಳೆಯುತ್ತೀರಿ, ಮೈನಸ್ 10. ಮತ್ತೆ ಕಳೆಯುತ್ತೀರಿ, ಮೈನಸ್ 20. ಮುಂದೆ ಮೈನಸ್ 20, ಮೈನಸ್ 10, ಆಮೇಲೆ 10, 30, 40. ಹತ್ತರ ತಪ್ಪು ತಿದ್ದಲು ಹೊರಟು ನಲವತ್ತಕ್ಕೆ ತಂದು ನಿಲ್ಲಿಸಿದಿರಿ. ನಿಲ್ಲಿಸಿದಿರಿ ಅಂದೆ, ಅದು ನಿಲ್ಲುವುದೂ ಇಲ್ಲ, ತೂಗಾಟ ಬೆಳೆಯುತ್ತಲೇ ಹೋಗುತ್ತದೆ.

ಅದೇ ಜಾಗದಲ್ಲಿ ಕಂಡ ತಪ್ಪಿನ ಐದನೇ ಒಂದು ಭಾಗ ಮಾತ್ರ ತಿದ್ದಿ ನೋಡಿ. 10, 10, 10, 8, 6, 4, 2.4, 1.2, 0.4. ಗುರಿಯನ್ನು ಒಂಚೂರು ದಾಟಿ, ಮೆಲ್ಲಗೆ ಸೊನ್ನೆಗೆ ಬಂದು ಕೂರುತ್ತದೆ. ನಿಧಾನ ಅನ್ನಿಸಿದರೂ ಗೆದ್ದದ್ದು ಇದೇ.

ಎಷ್ಟು ಜೋರಾಗಿ ತಿದ್ದಬಹುದು ಅನ್ನುವುದಕ್ಕೆ ಒಂದು ಗಡಿಯೇ ಇದೆ. ತಡವೇ ಇಲ್ಲದಿದ್ದರೆ ಗಡಿ 2, ಅಂದರೆ ಕಂಡ ತಪ್ಪಿನ ಎರಡರಷ್ಟರ ಒಳಗೆ ಎಷ್ಟು ತಿದ್ದಿದರೂ ಕೊನೆಗೆ ನೆಲೆಗೆ ಬರುತ್ತೀರಿ. ಒಂದು ಹೆಜ್ಜೆ ತಡವಾದರೆ ಗಡಿ 1. ಎರಡು ಹೆಜ್ಜೆಗೆ 0.618, ಮೂರಕ್ಕೆ 0.445. ತಡ ಹೆಚ್ಚಿದಷ್ಟೂ ಕೈ ಮೆತ್ತಗಾಗಬೇಕು. ಆ 0.618 ನೋಡಿ ಯಾರಿಗಾದರೂ ಸುವರ್ಣ ಅನುಪಾತ ನೆನಪಾಗಿದ್ದರೆ, ಹೌದು, 1ನ್ನು ಆ ಅನುಪಾತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇದು. ದಯವಿಟ್ಟು ಇದರಿಂದ ಷೇರುಪೇಟೆಯ ರಹಸ್ಯ ಹುಡುಕಲು ಹೋಗಬೇಡಿ. 18 ಡಿಗ್ರಿಯ ಸೈನ್ ಬೆಲೆ ಎರಡರಷ್ಟಾದಾಗ ಈ ಸಂಖ್ಯೆ ಬರುತ್ತದೆ, ಸುಮ್ನೆ ತ್ರಿಕೋನಮಿತಿ.

ಈ ಆಲೋಚನೆಯನ್ನು ಅರ್ಥಶಾಸ್ತ್ರಕ್ಕೆ ತಂದವರಲ್ಲಿ ನನಗೆ ಅಚ್ಚುಮೆಚ್ಚು ನ್ಯೂಜಿಲೆಂಡಿನ ಬಿಲ್ ಫಿಲಿಪ್ಸ್. ಓದಿದ್ದು ವಿದ್ಯುತ್ ಎಂಜಿನಿಯರಿಂಗ್. ಎರಡನೇ ಮಹಾಯುದ್ಧದಲ್ಲಿ ಜಾವಾದಲ್ಲಿ ಜಪಾನೀಯರ ಕೈದಿಯಾಗಿ ಮೂರು ವರ್ಷಕ್ಕೂ ಜಾಸ್ತಿ ಕಳೆದವರು. ಯುದ್ಧ ಮುಗಿದ ಮೇಲೆ ಲಂಡನ್ನಿಗೆ ಬಂದು, 1949ರಲ್ಲಿ ಕ್ರಾಯ್ಡನ್ನಿನ ಒಂದು ಗ್ಯಾರೇಜಿನಲ್ಲಿ ನೀರಿನ ಯಂತ್ರ ಕಟ್ಟಿದರು. ಆಳೆತ್ತರದ ಹಲಗೆ, ಪಾರದರ್ಶಕ ತೊಟ್ಟಿಗಳು, ಕೊಳವೆಗಳು, ಬಣ್ಣ ಹಾಕಿದ ನೀರು. ಆ ನೀರೇ ದೇಶದ ವರಮಾನ. ತೆರಿಗೆಗೆ ಒಂದು ಕವಾಟ, ಉಳಿತಾಯಕ್ಕೆ ಇನ್ನೊಂದು, ಆಮದಿಗೆ ಮತ್ತೊಂದು. ತೆರಿಗೆಯ ಕವಾಟ ಸಡಿಲಿಸಿದರೆ ನೀರು ಸುತ್ತಿ ಬಂದು ಕೆಳಗಿನ ತೊಟ್ಟಿಯ ಮಟ್ಟ ಏರುವುದಕ್ಕೆ ಸಮಯ ಬೇಕು. ತಡ ಅಂದರೇನು ಅಂತ ಕಣ್ಣಾರೆ ಕಾಣುತ್ತಿತ್ತು!

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಜೇಮ್ಸ್ ಮೀಡ್ ಈ ಯಂತ್ರವನ್ನು ಪಾಠಕ್ಕೆ ಬಳಸಿದರು. ಒಬ್ಬ ವಿದ್ಯಾರ್ಥಿಗೆ ಹಣಕಾಸು ಮಂತ್ರಿಯ ಕವಾಟ, ಇನ್ನೊಬ್ಬನಿಗೆ ಬ್ಯಾಂಕಿನ ಗವರ್ನರ್ ಕವಾಟ. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ತಮ್ಮ ತಮ್ಮ ಕವಾಟ ತಿರುಗಿಸಿದರೆ ನೀರು ಏನೆಲ್ಲಾ ಅವಾಂತರ ಮಾಡುತ್ತದೆ ಅಂತ ಎದುರಿಗೇ ತೋರಿಸಬಹುದಿತ್ತು. ಡಚ್ಚರ ಯಾನ್ ಟಿನ್‌ಬರ್ಗನ್ 1952ರಲ್ಲಿ ಇದರ ಇನ್ನೊಂದು ಮುಖ ಬರೆದಿಟ್ಟರು. ಒಂದಕ್ಕೊಂದು ಸಂಬಂಧವಿಲ್ಲದ ಗುರಿಗಳು ಎಷ್ಟಿವೆಯೋ, ಕನಿಷ್ಠ ಅಷ್ಟು ಹಿಡಿಕೆಗಳು ಕೈಯಲ್ಲಿರಬೇಕು. ಎರಡು ಸಮೀಕರಣಕ್ಕೆ ಎರಡು ಅಜ್ಞಾತ ಬೇಕು ಅನ್ನುವ ಶಾಲೆಯ ಬೀಜಗಣಿತವೇ ಇದು. ಆದರೂ ಒಂದೇ ಬಡ್ಡಿ ದರದಿಂದ ಬೆಲೆ, ಉದ್ಯೋಗ, ವಿನಿಮಯ ದರ ಎಲ್ಲವನ್ನೂ ಸರಿಮಾಡಿ ಅಂತ ಕೇಳುವವರಿಗೆ ಬರವಿಲ್ಲ.

ಫಿಲಿಪ್ಸ್ 1954ರಲ್ಲಿ ನಿಜವಾದ ಎಂಜಿನಿಯರ್ ಕೆಲಸ ಮಾಡಿದರು. ಸರ್ಕಾರದ ತಿದ್ದುಪಡಿಯನ್ನು ಮೂರು ತುಂಡು ಮಾಡಿದರು. ಈಗಿನ ತಪ್ಪು ಎಷ್ಟು, ಇಲ್ಲಿಯವರೆಗೆ ಕೂಡಿಕೊಂಡ ತಪ್ಪು ಎಷ್ಟು, ತಪ್ಪು ಯಾವ ವೇಗದಲ್ಲಿ ಬದಲಾಗುತ್ತಿದೆ. ಮೊದಲನೆಯದನ್ನು ಮಾತ್ರ ನೋಡಿದರೆ ಸ್ವಲ್ಪ ತಪ್ಪು ಉಳಿದೇಬಿಡುತ್ತದೆ. ಎರಡನೆಯದು ಆ ಬಾಕಿಯನ್ನು ತೀರಿಸುತ್ತದೆ, ಆದರೆ ತೂಗಾಟ ತರುತ್ತದೆ. ಮೂರನೆಯದು ಆ ತೂಗಾಟಕ್ಕೆ ಬ್ರೇಕು. 1922ರಲ್ಲಿ ಮಿನೋರ್‌ಸ್ಕಿ ಅನ್ನುವ ಎಂಜಿನಿಯರ್ ಹಡಗುಗಳನ್ನು ತಾವಾಗಿಯೇ ತಿರುಗುವಂತೆ ಮಾಡಲು ಬರೆದದ್ದೂ ಇದೇ ಮೂರು ತುಂಡು. ಅಲ್ಲಿಗೆ ಗವರ್ನರ್ ಮತ್ತೆ ಚುಕ್ಕಾಣಿಗೇ ಬಂದು ನಿಂತ, ಅಲ್ವಾ?

1993ರಲ್ಲಿ ಜಾನ್ ಟೇಲರ್ ಬರೆದ ಸೂತ್ರ ಈ ಕುಟುಂಬಕ್ಕೇ ಸೇರಿದ್ದು. ಹಣದುಬ್ಬರ 1 ಅಂಶ ಏರಿದರೆ ಬಡ್ಡಿಯನ್ನು 1.5 ಅಂಶ ಏರಿಸಿ ಅನ್ನುತ್ತದೆ ಅದು. 1ಕ್ಕಿಂತ ಕಡಿಮೆ ಏರಿಸಿದರೆ ಹಣದುಬ್ಬರ ಕಳೆದ ನಿಜವಾದ ಬಡ್ಡಿ ಇಳಿದೇಹೋಗುತ್ತದೆ, ಬೆಂಕಿಗೆ ತುಪ್ಪ ಸುರಿದ ಹಾಗೆ. ಹಾಗಾಗಿ ಕೈ ಮೆತ್ತಗಿರಲಿ ಅನ್ನುವುದಕ್ಕೂ ಒಂದು ಕೆಳಗಿನ ಗಡಿ ಇದೆ. (ಈ 1, 1.5 ಬಡ್ಡಿಯ ಅಳತೆ, ಮೇಲಿನ 0.618ರ ಜೊತೆ ನೇರವಾಗಿ ಹೋಲಿಸಬೇಡಿ.) ಇನ್ನು, ಹಿಡಿಕೆ ತಿರುಗಿಸಿದರೆ ಎಷ್ಟು ಪರಿಣಾಮ ಅಂತಲೇ ಖಚಿತವಿಲ್ಲದಾಗ ಸ್ವಲ್ಪ ಕಡಿಮೆ ತಿರುಗಿಸುವುದೇ ಲೇಸು ಅಂತ ವಿಲಿಯಂ ಬ್ರೇನಾರ್ಡ್ 1967ರಲ್ಲಿ ಲೆಕ್ಕ ಸಮೇತ ತೋರಿಸಿದ್ದರು.

ಷವರಿನ ಹೋಲಿಕೆ ಒಂದು ಕಡೆ ಮಾತ್ರ ಮುರಿದುಬೀಳುತ್ತದೆ. ನೀವು ನಲ್ಲಿ ಮುಟ್ಟುತ್ತೀರಿ ಅಂತ ನೀರಿಗೆ ಮೊದಲೇ ಗೊತ್ತಾಗುವುದಿಲ್ಲ. ಜನರಿಗೆ ಗೊತ್ತಾಗುತ್ತದೆ. ನಾಳೆ ಬಡ್ಡಿ ಏರುತ್ತದಂತೆ ಅಂದರೆ ಸಾಲ ಕೊಡುವವರು, ಬೆಲೆ ಕಟ್ಟುವವರು ಇವತ್ತೇ ಲೆಕ್ಕ ಬದಲಿಸುತ್ತಾರೆ. ನೀತಿ ಬದಲಾದರೆ ಜನರ ನಡವಳಿಕೆಯೂ ಬದಲಾಗುತ್ತದೆ, ಹಳೆಯ ಅಂಕಿಅಂಶದಿಂದ ಕಟ್ಟಿದ ಮಾದರಿ ಆಗ ಕೈಕೊಡುತ್ತದೆ ಅಂತ ರಾಬರ್ಟ್ ಲ್ಯೂಕಾಸ್ 1976ರಲ್ಲಿ ವಾದಿಸಿದರು. ಮರುವರ್ಷ ಕಿಡ್‌ಲ್ಯಾಂಡ್ ಮತ್ತು ಪ್ರೆಸ್ಕಾಟ್ ಇನ್ನೂ ಮುಂದೆ ಹೋದರು. ಇವತ್ತು ಕೊಟ್ಟ ಮಾತನ್ನು ನಾಳೆ ಮುರಿಯುವುದೇ ಲಾಭ ಅಂತ ಸರ್ಕಾರಕ್ಕೆ ಕಂಡರೆ, ಜನ ಆ ಮಾತನ್ನು ಇವತ್ತೇ ನಂಬುವುದಿಲ್ಲ. ಬಡ್ಡಿ ನಿರ್ಧಾರದ ದಿನ ಪೇಟೆಯವರು ದರದ ಅಂಕಿಗಿಂತ ಗವರ್ನರ್ ಹೇಳಿಕೆಯ ಒಂದೊಂದು ಪದವನ್ನೂ ಹಿಂದಿನ ಸಲದ ಹೇಳಿಕೆಯ ಪಕ್ಕ ಇಟ್ಟು ಓದುವುದು ಇದಕ್ಕೇ.